ಚಾರಣದ ದಾರಿಯಲ್ಲಿ ಕಾಡುಸೊಪ್ಪು, ಹಣ್ಣು, ಅಣಬೆ: ಎಚ್ಚರದಿಂದ ಆಯ್ದು ತಿನ್ನುವವರಿಗೆ ಸಮಗ್ರ ಮಾರ್ಗದರ್ಶಿ

ಗೋಣಿಸೊಪ್ಪು ನನಗೆ ಚೆನ್ನಾಗಿ ಗೊತ್ತು ಎಂದೇ ನಂಬಿದ್ದೆ. ನೆಲಕ್ಕೆ ಹರಡಿದ ಕೆಂಬಣ್ಣದ ದಂಟು, ಪುಟ್ಟ ಚಮಚದಂಥ ದಪ್ಪ ಎಲೆ, ಮುರಿದರೆ ತಿಳಿನೀರು. ದಾರಿಯಂಚಿನಲ್ಲಿ ಒಂದು ಹಿಡಿ ಕಿತ್ತು ಚೀಲಕ್ಕೆ ಹಾಕಿದೆ. ಎರಡನೆಯ ಹಿಡಿ ಕೀಳುವಾಗ ಹೆಬ್ಬೆರಳಿಗೆ ಅಂಟಂಟಾಗಿ ಬಿಳಿ ಹಾಲು ಹತ್ತಿತು. ಬಗ್ಗಿ ನೋಡಿದರೆ ಗೋಣಿಸೊಪ್ಪಿನ ನಡುವೆಯೇ, ಅದರಂತೆಯೇ ನೆಲಕ್ಕೆ ಅಂಟಿಕೊಂಡು, ಅದೇ ಬಣ್ಣದ ದಂಟಿನ ಹಾಲುಗಿಡವೊಂದು ಹೆಣೆದುಕೊಂಡಿತ್ತು. ಅದು ಯೂಫೋರ್ಬಿಯಾ ಕುಲದ ಕಳೆ. ಅದರ ಹಾಲು ಬಾಯಿ, ಹೊಟ್ಟೆ, ಕಣ್ಣು ಎಲ್ಲವನ್ನೂ ಉರಿಸುತ್ತದೆ. ಚೀಲದಲ್ಲಿದ್ದುದನ್ನೆಲ್ಲ ಬಟ್ಟೆಯ ಮೇಲೆ ಸುರಿದು ಒಂದೊಂದೇ ದಂಟು ಮುರಿದು ನೋಡಿದೆ. ಮೊದಲ ಹಿಡಿಯಲ್ಲೇ ಮೂರು ಎಳೆ ಹಾಲುಗಿಡ ಇದ್ದವು.

ಅಂದು ನನಗೆ ಗಿಡ ಗೊತ್ತಿರಲಿಲ್ಲ ಎಂದೇನಲ್ಲ. ಕಿತ್ತ ಪ್ರತಿಯೊಂದು ಎಳೆಯೂ ಅದೇ ಗಿಡದ್ದೇ ಎಂದು ನೋಡಿರಲಿಲ್ಲ, ಅಷ್ಟೆ. ಕಾಡಿನ ತಿನಿಸಿನಿಂದ ಆಗುವ ಅನಾಹುತಗಳಲ್ಲಿ ಬಹಳಷ್ಟು ಹೀಗೆಯೇ ಆಗುತ್ತವೆ. ಏನೂ ಗೊತ್ತಿಲ್ಲದವನು ಹೆದರಿ ದೂರ ನಿಲ್ಲುತ್ತಾನೆ, ಅರ್ಧ ಗೊತ್ತಿರುವವನು ಕೈ ಹಾಕುತ್ತಾನೆ. ಅದಕ್ಕೇ ಈ ಬರಹದುದ್ದಕ್ಕೂ ಒಂದೇ ಮಾತನ್ನು ಹಿಡಿದು ಹೋಗುತ್ತೇನೆ: "ಇದನ್ನು ತಿನ್ನಬಹುದೇ?" ಎಂಬುದು ಎರಡನೆಯ ಪ್ರಶ್ನೆ. "ಇದು ಏನು?" ಎಂಬುದು ಮೊದಲನೆಯದು. ಮೊದಲನೆಯದಕ್ಕೆ ಸಂದೇಹವಿಲ್ಲದ ಉತ್ತರ ಸಿಗುವವರೆಗೆ ಎರಡನೆಯದನ್ನು ಕೇಳಲೇಬಾರದು.

ಹೊರಡುವ ಮೊದಲು

ಚಾರಣಕ್ಕೆ ಬೇಕಾದ ಊಟವನ್ನು ಪೂರ್ತಿ ಮನೆಯಿಂದಲೇ ಕಟ್ಟಿಕೊಂಡು ಹೋಗಿ. ಕಾಡಿನಲ್ಲಿ ಸಿಗುವುದು ಹೆಚ್ಚುವರಿ, ಅದನ್ನೇ ನೆಚ್ಚಿಕೊಳ್ಳಬಾರದು. ಹಸಿವು ಮತ್ತು ದಣಿವು ಸೇರಿದರೆ ಕಣ್ಣು ತನಗೆ ಬೇಕಾದ್ದನ್ನೇ ಕಾಣುತ್ತದೆ. ನಾಲ್ಕು ಲಕ್ಷಣಗಳಲ್ಲಿ ಮೂರು ಹೊಂದಿದರೆ ಸಾಕು ಎಂದು ಮನಸ್ಸು ಒಪ್ಪಿಬಿಡುತ್ತದೆ. ಹೊಟ್ಟೆ ತುಂಬಿದವನಿಗೆ ಮಾತ್ರ "ಇದು ಬೇಡ" ಎಂದು ಬಿಟ್ಟು ಮುಂದೆ ನಡೆಯುವ ಧೈರ್ಯ ಇರುತ್ತದೆ.

ಒಮ್ಮೆಗೇ ನೂರು ಗಿಡ ಕಲಿಯಲು ಹೋಗಬೇಡಿ. ಮೊದಲ ವರ್ಷಕ್ಕೆ ಮೂರು ಸಾಕು. ಆ ಮೂರನ್ನು ಮೊಳಕೆಯಿಂದ ಒಣಗುವವರೆಗೆ, ಎಲ್ಲ ಋತುಗಳಲ್ಲೂ ನೋಡಿ. ಎಳೆಯ ಗಿಡಕ್ಕೂ ಹೂ ಬಿಟ್ಟ ಗಿಡಕ್ಕೂ ಎಷ್ಟೋ ಬಾರಿ ಹೋಲಿಕೆಯೇ ಇರುವುದಿಲ್ಲ. ನಾವು ಕೀಳುವುದು ಎಳೆಯ ಸೊಪ್ಪನ್ನು, ಆದರೆ ಪುಸ್ತಕದ ಚಿತ್ರದಲ್ಲಿ ಇರುವುದು ಹೂ ಬಿಟ್ಟ ಗಿಡ. ಈ ಅಂತರದಲ್ಲೇ ತಪ್ಪುಗಳು ನುಸುಳುತ್ತವೆ. ಪ್ರತಿ ಗಿಡದ ಜೊತೆಗೆ ಅದನ್ನು ಹೋಲುವ ವಿಷದ ಗಿಡಗಳನ್ನೂ ಕಲಿಯಬೇಕು. ಹೋಲುವ ಗಿಡ ಯಾವುದೆಂದು ಹೇಳಲಾಗದಿದ್ದರೆ ಮೂಲ ಗಿಡವೂ ನಿಮಗೆ ಇನ್ನೂ ಗೊತ್ತಿಲ್ಲ ಎಂದೇ ತಿಳಿಯಿರಿ.

ಕಲಿಯಲು ಉತ್ತಮ ದಾರಿ ಎಂದರೆ ಆ ಪ್ರದೇಶದಲ್ಲೇ ಹಲವು ವರ್ಷ ಆಯ್ದು ತಿಂದ ಅನುಭವಿಯೊಬ್ಬರ ಜೊತೆ ನಡೆಯುವುದು. ಜೊತೆಗೆ ಅದೇ ಪ್ರದೇಶದ ಸಸ್ಯಗಳ ಬಗ್ಗೆ ತಜ್ಞರು ಬರೆದ ಎರಡು ಪುಸ್ತಕಗಳಿರಲಿ. ಒಂದರಲ್ಲಿ ಕಂಡದ್ದನ್ನು ಇನ್ನೊಂದರಲ್ಲಿ ತಾಳೆ ನೋಡಬೇಕು. ಪುಸ್ತಕ ಕೊಳ್ಳುವಾಗಲೂ ಬರೆದವರು ಯಾರೆಂದು ವಿಚಾರಿಸಿ. ಕೃತಕ ಬುದ್ಧಿಮತ್ತೆಯ (ಎಐ) ಯಂತ್ರದಿಂದ ಬರೆಸಿದ ಅಣಬೆ ಪುಸ್ತಕಗಳು ಆನ್‌ಲೈನ್ ಮಾರಾಟಕ್ಕೆ ಬಂದಿವೆ, ಅವುಗಳನ್ನು ನಂಬಿದರೆ ಜೀವಕ್ಕೇ ಅಪಾಯ ಎಂದು 2023ರಲ್ಲಿ ಅಣಬೆ ಆಸಕ್ತರ ಸಂಘವಾದ ನ್ಯೂಯಾರ್ಕ್ ಮೈಕಲಾಜಿಕಲ್ ಸೊಸೈಟಿ ಬಹಿರಂಗವಾಗಿ ಎಚ್ಚರಿಸಿತ್ತು. ಮೊಬೈಲ್ ಆ್ಯಪ್‌ಗಳಿಗೂ ಇದೇ ಮಾತು ಸಲ್ಲುತ್ತದೆ. ಯಾವ ಕುಲದ ಕಡೆ ಹುಡುಕಬೇಕು ಎಂಬ ಸುಳಿವಿಗೆ ಅವು ಒಳ್ಳೆಯವು. ಆದರೆ ಚಿತ್ರಕ್ಕೆ ವಾಸನೆ ಇಲ್ಲ, ಬುಡ ಕಾಣುವುದಿಲ್ಲ, ಮುರಿದರೆ ಹಾಲು ಬರುವುದಿಲ್ಲ. ಆ್ಯಪ್ ಹೇಳಿತು ಎಂಬ ಕಾರಣಕ್ಕೆ ಯಾವುದನ್ನೂ ಬಾಯಿಗೆ ಹಾಕಬೇಡಿ.

ಕಾನೂನನ್ನೂ ಮೊದಲೇ ತಿಳಿದುಕೊಳ್ಳಿ. ಹಲವು ದೇಶಗಳಲ್ಲಿ ರಾಷ್ಟ್ರೀಯ ಉದ್ಯಾನ ಮತ್ತು ಸಂರಕ್ಷಿತ ಅರಣ್ಯಗಳಲ್ಲಿ ಒಂದು ಎಲೆ ಕಿತ್ತರೂ ಅಪರಾಧ. ಕೆಲವೆಡೆ ಸ್ವಂತ ಬಳಕೆಗೆ ಇಂತಿಷ್ಟು ಎಂಬ ಮಿತಿ ಇರುತ್ತದೆ. ಖಾಸಗಿ ಜಮೀನಾದರೆ ಒಡೆಯರ ಒಪ್ಪಿಗೆ ಬೇಕು.

ಚೀಲದಲ್ಲಿ ಏನಿರಬೇಕು

ಬುಟ್ಟಿ ಅಥವಾ ಬಟ್ಟೆ ಚೀಲ, ಬೇರೆ ಬೇರೆ ಜಾತಿಗೆ ಬೇರೆ ಬೇರೆ ಕಾಗದದ ಲಕೋಟೆ, ಸಣ್ಣ ಚಾಕು, ಮಣ್ಣು ಒರೆಸಲು ಕುಂಚ, ಹತ್ತು ಪಟ್ಟು ದೊಡ್ಡದಾಗಿ ತೋರುವ ಕೈಮಸೂರ, ಕೈಗವಸು, ಪೆನ್ಸಿಲ್ ಮತ್ತು ಟಿಪ್ಪಣಿ ಪುಸ್ತಕ. ಪ್ಲಾಸ್ಟಿಕ್ ಚೀಲ ಬೇಡವೇ ಬೇಡ. ಅದರೊಳಗೆ ಅಣಬೆ ಬೆವತು ಕೆಲವೇ ಗಂಟೆಗಳಲ್ಲಿ ಕೊಳೆಯತೊಡಗುತ್ತದೆ, ಒಳ್ಳೆಯ ಜಾತಿಯೂ ಹೊಟ್ಟೆ ಕೆಡಿಸುತ್ತದೆ. ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬುವುದು ಇನ್ನೂ ಕೆಟ್ಟದ್ದು. ವಿಷದ ಅಣಬೆಯ ಒಂದು ಮುರಿದ ಚೂರು ಒಳ್ಳೆಯದರ ನಡುವೆ ಸೇರಿದರೆ ಮನೆಯಲ್ಲಿ ಹುಡುಕಿ ತೆಗೆಯಲು ಆಗುವುದಿಲ್ಲ.

ಎಲ್ಲಿ ಕೀಳಬಾರದು

ವಾಹನ ಓಡಾಡುವ ರಸ್ತೆಯ ಬದಿ, ರೈಲು ಹಳಿಯ ಪಕ್ಕ, ಕಳೆನಾಶಕ ಸಿಂಪಡಿಸುವ ಹೊಲದ ಅಂಚು, ಹಳೆಯ ಗಣಿ ಮತ್ತು ಕಾರ್ಖಾನೆಗಳ ನೆಲ, ಚರಂಡಿ ನೀರು ಹರಿಯುವ ಜಾಗ: ಇವುಗಳನ್ನು ಬಿಟ್ಟುಬಿಡಿ. ಅಣಬೆಗಳು ಕ್ಯಾಡ್ಮಿಯಂ, ಪಾದರಸದಂಥ ಲೋಹಗಳನ್ನು ಮಣ್ಣಿನಿಂದ ಹೀರಿ ಕೂಡಿಡುತ್ತವೆ. 1986ರ ಚೆರ್ನೋಬಿಲ್ ದುರಂತದಲ್ಲಿ ಗಾಳಿಯ ಜೊತೆ ಹರಡಿದ, ವಿಕಿರಣ ಸೂಸುವ ಸೀಸಿಯಂ-137 ದಶಕಗಳು ಕಳೆದರೂ ಯುರೋಪಿನ ಕೆಲವು ಕಾಡುಗಳ ಅಣಬೆಗಳಲ್ಲಿ ಉಳಿದಿದೆ. ಅದರ ಅರ್ಧಾಯುಷ್ಯವೇ, ಅಂದರೆ ಅದು ಅರ್ಧಕ್ಕೆ ಇಳಿಯಲು ಬೇಕಾದ ಕಾಲವೇ, ಸುಮಾರು 30 ವರ್ಷ.

ನೀರಿನಲ್ಲಿ ಬೆಳೆಯುವ ಸೊಪ್ಪನ್ನು, ಮುಖ್ಯವಾಗಿ ದನ ಕುರಿ ಮೇಯುವ ಕಡೆಯದನ್ನು, ಹಸಿಯಾಗಿ ತಿನ್ನಲೇಬಾರದು. ಯಕೃತ್ತಿನಲ್ಲಿ ನೆಲೆಸುವ ಫ್ಯಾಸಿಯೋಲಾ ಎಂಬ ಚಪ್ಪಟೆಹುಳುವಿನ ಮರಿಗಳು ಇಂಥ ಎಲೆಗಳಿಗೆ ಅಂಟಿಕೊಂಡಿರುತ್ತವೆ. ತೊಳೆದ ಮಾತ್ರಕ್ಕೆ ಅವು ಹೋಗುವುದಿಲ್ಲ. ಬೇಯಿಸಬೇಕು.

ಗಿಡವನ್ನು ಗುರುತಿಸುವ ಕ್ರಮ

ನಾನು ಪ್ರತಿ ಬಾರಿಯೂ ಒಂದೇ ಸಾಲಿನಲ್ಲಿ ಹೋಗುತ್ತೇನೆ, ಅವಸರವಿದ್ದರೂ ಯಾವುದನ್ನೂ ಬಿಡುವುದಿಲ್ಲ. ಮೊದಲು ದೂರದಿಂದ: ಗಿಡ ನೆಟ್ಟಗಿದೆಯೋ, ಹರಡಿದೆಯೋ, ಬಳ್ಳಿಯೋ, ನೆಲ ಒಣಗಿದೆಯೋ, ಜೌಗೋ? ಆಮೇಲೆ ಕಾಂಡ: ದುಂಡಗೋ, ಚೌಕವೋ, ಟೊಳ್ಳೋ, ರೋಮ ಇದೆಯೋ, ಮಚ್ಚೆ ಇದೆಯೋ? ಎಲೆಗಳು ಎದುರುಬದುರಾಗಿವೆಯೋ, ಒಂದು ಬಿಟ್ಟು ಒಂದೋ? ಅಂಚು ಹೇಗಿದೆ, ನರಗಳು ಹೇಗೆ ಓಡುತ್ತವೆ? ಮುರಿದರೆ ಬರುವ ರಸದ ಬಣ್ಣವೇನು? ಉಜ್ಜಿದರೆ ವಾಸನೆ ಏನು? ಹೂವಿಗೆ ಎಸಳೆಷ್ಟು, ಕಾಯಿ ಒಂಟಿಯೋ ಗೊಂಚಲೋ? ಕೊನೆಗೆ, ಈ ಜಾಗದಲ್ಲಿ ಈ ಕಾಲದಲ್ಲಿ ಆ ಗಿಡ ಇರಬೇಕಾದದ್ದೇ? ಎಲ್ಲ ಉತ್ತರಗಳೂ ಒಂದೇ ಹೆಸರನ್ನು ಹೇಳಬೇಕು. ಒಂದು ಉತ್ತರ ಮುಖ ತಿರುಗಿಸಿದರೂ ಆ ಗಿಡವನ್ನು ಅಲ್ಲೇ ಬಿಡಿ.

ವಾಸನೆಯ ವಿಷಯದಲ್ಲಿ ಒಂದು ಎಚ್ಚರಿಕೆಯನ್ನು ಬಿಡಿಸಿ ಹೇಳಲೇಬೇಕು. ಯುರೋಪಿನ ಕಾಡುಗಳಲ್ಲಿ ಕಾಡುಬೆಳ್ಳುಳ್ಳಿಯ ಸೊಪ್ಪನ್ನು ಜನ ಪ್ರೀತಿಯಿಂದ ಆಯುತ್ತಾರೆ. ಅದರ ಎಲೆಯಂತೆಯೇ ಕಾಣುವುದು ಕಾಲ್ಚಿಕಮ್ ಎಂಬ ಗಿಡದ ಎಲೆ. ಅದರಲ್ಲಿರುವ ಕಾಲ್ಚಿಸಿನ್ ವಿಷ ಜೀವಕೋಶಗಳ ವಿಭಜನೆಯನ್ನೇ ನಿಲ್ಲಿಸುತ್ತದೆ, ಅದಕ್ಕೆ ಸುಲಭದ ಮದ್ದಿಲ್ಲ. ಎಲೆ ಉಜ್ಜಿ ಮೂಸಿ, ಬೆಳ್ಳುಳ್ಳಿ ವಾಸನೆ ಬಂದರೆ ಸರಿ ಎಂದು ಎಲ್ಲರೂ ಹೇಳುತ್ತಾರೆ. ಮೊದಲ ಎಲೆಗೆ ಆ ಪರೀಕ್ಷೆ ಸರಿಯೇ. ಹತ್ತನೆಯ ಎಲೆಯ ಹೊತ್ತಿಗೆ ನಿಮ್ಮ ಬೆರಳುಗಳೇ ಬೆಳ್ಳುಳ್ಳಿಯಾಗಿರುತ್ತವೆ. ಆಗ ಯಾವ ಎಲೆ ಉಜ್ಜಿದರೂ ಬೆಳ್ಳುಳ್ಳಿಯದೇ ವಾಸನೆ. ಆದ್ದರಿಂದ ಮೂಗಿನ ಜೊತೆ ಕಣ್ಣೂ ಇರಬೇಕು. ಕಾಡುಬೆಳ್ಳುಳ್ಳಿಯ ಪ್ರತಿ ಎಲೆಗೂ ನೆಲದಿಂದ ಮೇಲೆದ್ದ ತನ್ನದೇ ತೊಟ್ಟು ಇರುತ್ತದೆ, ಕಾಲ್ಚಿಕಮ್ ಎಲೆಗಳಿಗೆ ತೊಟ್ಟಿಲ್ಲ. ಮುಷ್ಟಿ ತುಂಬ ಒಟ್ಟಿಗೆ ಕೊಯ್ಯದೆ ಎಲೆ ಎಲೆಯಾಗಿ ಕಿತ್ತರೆ ಮಾತ್ರ ಇದು ಕಾಣುತ್ತದೆ.

ಹೊಸಬರು ಕೆಲವು ಗುಂಪುಗಳನ್ನು ಪೂರ್ತಿ ಬದಿಗಿಡಬೇಕು. ಅದರಲ್ಲಿ ಮೊದಲನೆಯದು ಕ್ಯಾರೆಟ್, ಕೊತ್ತಂಬರಿಗಳ ಕುಟುಂಬ. ಕೊಡೆಯಂತೆ ಹರಡಿದ ಬಿಳಿ ಹೂಗೊಂಚಲು, ಗರಿಯಂಥ ಎಲೆ ಕಂಡರೆ ದೂರ ನಿಲ್ಲಿ. ಕ್ರಿಸ್ತಪೂರ್ವ 399ರಲ್ಲಿ ಸಾಕ್ರಟೀಸನಿಗೆ ಕುಡಿಸಿದ ಹೆಮ್ಲಾಕ್ ಈ ಕುಟುಂಬದ್ದೇ. ಅದರ ಕಾಂಡ ನುಣುಪು, ಟೊಳ್ಳು, ಮೇಲೆ ನೇರಳೆ ಮಚ್ಚೆಗಳು. ಕಾಡು ಕ್ಯಾರೆಟ್‌ನ ಕಾಂಡಕ್ಕೆ ರೋಮ ಇರುತ್ತದೆ. ಕಾಗದದ ಮೇಲೆ ಈ ವ್ಯತ್ಯಾಸ ಸುಲಭವಾಗಿ ಕಾಣುತ್ತದೆ, ಎಳೆಯ ಗಿಡದಲ್ಲಿ ಅಲ್ಲ. ಜೌಗುನೆಲದ ವಾಟರ್ ಹೆಮ್ಲಾಕ್‌ನ ಬುಡ ಗೆಡ್ಡೆತರಕಾರಿಯಂತೆ ಕಾಣುತ್ತದೆ. ಸ್ವಲ್ಪ ತಿಂದರೂ ಅಪಸ್ಮಾರದಂಥ ಸೆಳೆತ ಬಂದು ಸಾವು ಸಂಭವಿಸಬಹುದು. ಇದೇ ಕುಟುಂಬದ ದೈತ್ಯ ಹಾಗ್‌ವೀಡ್ ಅನ್ನು ತಿನ್ನಬೇಕಿಲ್ಲ, ರಸ ಮೈಗೆ ತಾಗಿ ಬಿಸಿಲು ಬಿದ್ದರೆ ಸಾಕು, ಚರ್ಮ ಸುಟ್ಟಂತೆ ಬೊಬ್ಬೆ ಏಳುತ್ತದೆ.

ಎರಡನೆಯದು ನೆಲದಡಿಯ ಗೆಡ್ಡೆಗಳು. ಗೌರಿ ಹೂವು ಎಂದೂ ಅಗ್ನಿಶಿಖೆ ಎಂದೂ ಕರೆಯುವ ಬಳ್ಳಿಯ ಗೆಡ್ಡೆಯನ್ನು ಗೆಣಸೆಂದು ತಿಂದು ಸತ್ತವರಿದ್ದಾರೆ. ಅದರಲ್ಲಿರುವುದೂ ಕಾಲ್ಚಿಸಿನ್. ಗೆಡ್ಡೆ ಅಗೆದರೆ ಸಾಮಾನ್ಯವಾಗಿ ಗಿಡವೂ ಸಾಯುತ್ತದೆ. ಕೀಳದಿರಲು ಅದೂ ಒಂದು ಒಳ್ಳೆಯ ಕಾರಣ. ಮೂರನೆಯದು ಕಾಡಿನ ಬೀಜ ಮತ್ತು ಬೀನ್ಸಿನಂಥ ಕೋಡುಗಳು. ಗುಲಗಂಜಿ, ಹರಳು, ದತ್ತೂರಿ ಎಂದರೆ ವಿವರಣೆ ಬೇಕಿಲ್ಲ. ಬ್ರೇಕನ್ ಜರಿಗಿಡದ ಸುರುಳಿ ಚಿಗುರನ್ನು ತಿನ್ನುವ ರೂಢಿ ಕೆಲವೆಡೆ ಇದ್ದರೂ ಅದರಲ್ಲಿ ಕ್ಯಾನ್ಸರ್ ತರಬಲ್ಲ ಟ್ಯಾಕ್ವಿಲೋಸೈಡ್ ಇದೆ. ನಾನು ತಿನ್ನುವುದಿಲ್ಲ.

ಹಾಗಾದರೆ ಎಲ್ಲಿಂದ ಶುರು ಮಾಡುವುದು? ಜಗತ್ತಿನ ಬಹುತೇಕ ಕಡೆ ಸಿಗುವ, ಗುರುತು ಹಿಡಿಯಲು ಸುಲಭವಾದ ಸೊಪ್ಪುಗಳಿಂದ. ಗೋಣಿಸೊಪ್ಪಿನ ಪರೀಕ್ಷೆ ಮೇಲೆ ಹೇಳಿದೆ: ಪ್ರತಿ ದಂಟನ್ನೂ ಮುರಿಯಿರಿ, ಹಾಲು ಬಂದರೆ ಅದಲ್ಲ. ಮುಳ್ಳುದಂಟು ಮತ್ತು ಅದರ ಬಳಗದ ಕಾಡುದಂಟುಗಳ ಎಳೆ ಎಲೆಯನ್ನು ಬೇಯಿಸಿ ನೀರು ಬಸಿಯಬೇಕು, ರಾಸಾಯನಿಕ ಗೊಬ್ಬರ ಹೆಚ್ಚಾಗಿ ಹಾಕಿದ ಹೊಲದ್ದಾದರೆ ನೈಟ್ರೇಟ್ ತುಂಬಿರುವುದರಿಂದ ಬಿಡಬೇಕು. ತುರಿಕೆ ಗಿಡದ ಗುಂಪಿನ ಸ್ಟಿಂಗಿಂಗ್ ನೆಟಲ್ ಅನ್ನು ಕೈಗವಸು ಹಾಕಿ, ಹೂ ಬಿಡುವ ಮೊದಲು, ತುದಿಯ ನಾಲ್ಕಾರು ಎಲೆ ಮಾತ್ರ ಕೊಯ್ಯಬೇಕು. ಕುದಿನೀರಿಗೆ ಬಿದ್ದ ಕೂಡಲೇ ಅದರ ಚುಚ್ಚುವ ರೋಮಗಳು ಶಕ್ತಿ ಕಳೆದುಕೊಳ್ಳುತ್ತವೆ. ಹುಳಿರುಚಿಯ ಪುಲ್ಲಂಪುರಚಿಯನ್ನು ನಡೆಯುತ್ತಲೇ ನಾಲ್ಕು ಎಲೆ ಅಗಿಯಬಹುದು. ಹೃದಯದಾಕಾರದ ಮೂರು ಎಲೆಗಳ ಈ ಗಿಡದಲ್ಲಿ ಆಕ್ಸಲೇಟ್ ಇರುವುದರಿಂದ ಬಟ್ಟಲುಗಟ್ಟಲೆ ಬೇಡ. ಮೂತ್ರಪಿಂಡದಲ್ಲಿ ಕಲ್ಲಾಗಿರುವವರು ಇದನ್ನೂ ಗೋಣಿಸೊಪ್ಪನ್ನೂ ಬಿಡುವುದೇ ಲೇಸು.

ಹಣ್ಣಿನ ಮಾತು

ಹಕ್ಕಿ ತಿಂದದ್ದನ್ನು ಮನುಷ್ಯ ತಿನ್ನಬಹುದು ಎಂಬ ಮಾತು ಎಲ್ಲ ಕಡೆಯೂ ಇದೆ. ಅದು ಸುಳ್ಳು. ಮನುಷ್ಯನಿಗೆ ವಿಷವಾದ ಬೆಲ್ಲಡೋನಾ ಹಣ್ಣನ್ನು ಹಕ್ಕಿಗಳು ನುಂಗಿ ಹಾರುತ್ತವೆ. ಪುಟ್ಟ ಪುಟ್ಟ ಮಣಿಗಳು ಒತ್ತಾಗಿ ಕೂಡಿ ಒಂದೇ ಹಣ್ಣಾಗಿರುವ, ಮುಳ್ಳಿನ ಪೊದೆಯಲ್ಲಿ ಬಿಡುವ ರಾಸ್ಪ್‌ಬೆರಿ, ಬ್ಲ್ಯಾಕ್‌ಬೆರಿ ಬಳಗ ಹೊಸಬರಿಗೆ ಸುರಕ್ಷಿತ ಆರಂಭ. ಬಿಳಿ ಹಣ್ಣುಗಳನ್ನು ಮುಟ್ಟದಿರುವುದು ಒಳ್ಳೆಯದು, ಅವುಗಳಲ್ಲಿ ಹೆಚ್ಚಿನವು ತಿನ್ನಲು ಯೋಗ್ಯವಲ್ಲ.

ಕಾಕಿ ಹಣ್ಣಿನ ಬಗ್ಗೆ ಒಂದಿಷ್ಟು ಹೇಳಬೇಕು, ಏಕೆಂದರೆ ಇದನ್ನು ಕಂಡಾಗ ಎಲ್ಲರಿಗೂ ಕೈ ಹೋಗುತ್ತದೆ. ಗಣಿಕೆ, ಕಾಕಿ ಎಂದೆಲ್ಲ ಕರೆಸಿಕೊಳ್ಳುವ ಈ ಗಿಡದಲ್ಲಿ ಬಟಾಣಿಗಿಂತ ಸಣ್ಣ ಹಣ್ಣುಗಳು ಗೊಂಚಲಾಗಿ ತೂಗುತ್ತವೆ. ಪೂರ್ತಿ ಮಾಗಿದ ಹಣ್ಣನ್ನು ಮಾತ್ರ ತಿನ್ನಬೇಕು, ಹಸಿರು ಕಾಯಿಯಲ್ಲಿ ಸೊಲನಿನ್ ವಿಷ ಇದೆ. ಇದನ್ನು ಬೆಲ್ಲಡೋನಾ ಜೊತೆ ಗೊಂದಲ ಮಾಡಿಕೊಳ್ಳುವುದುಂಟು. ಬೆಲ್ಲಡೋನಾ ಹಣ್ಣು ದೊಡ್ಡದು, ಕನ್ನಡಿಯಂತೆ ಹೊಳೆಯುವ ಕಪ್ಪು, ಒಂಟಿಯಾಗಿ, ನಕ್ಷತ್ರದಂತೆ ಚಾಚಿದ ಐದು ಹಸಿರು ದಳಗಳ ಮೇಲೆ ಕುಳಿತಿರುತ್ತದೆ. ರುಚಿ ಸಿಹಿ. ಸಿಹಿಯಾಗಿದೆ ಎಂಬುದು ಯಾವ ಹಣ್ಣಿನ ಪರವಾಗಿಯೂ ಸಾಕ್ಷಿಯಲ್ಲ.

ಅಣಬೆ: ಇಲ್ಲಿ ನಿಯಮವೇ ಬೇರೆ

ಗಿಡದ ವಿಷ ಕೆಲವೊಮ್ಮೆಯಾದರೂ ಕಹಿಯಾಗಿ, ಉರಿಯಾಗಿ ಬಾಯಲ್ಲೇ ಸೂಚನೆ ಕೊಡುತ್ತದೆ. ಅಣಬೆಯಲ್ಲಿ ಅಷ್ಟನ್ನೂ ನೆಚ್ಚುವಂತಿಲ್ಲ. ಡೆತ್ ಕ್ಯಾಪ್ ಎಂಬ ಅಮನಿಟಾ ಫ್ಯಾಲಾಯ್ಡಿಸ್ ತಿಂದು ಬದುಕುಳಿದವರು ಅದು ರುಚಿಯಾಗಿತ್ತು ಎಂದೇ ಹೇಳಿದ್ದಾರೆ. ಜಗತ್ತಿನಲ್ಲಿ ಅಣಬೆಯಿಂದ ಆಗುವ ಸಾವುಗಳಲ್ಲಿ ಬಹುಪಾಲು ಇದರದ್ದೂ ಇದರ ಬಿಳಿಯ ಒಡಹುಟ್ಟುಗಳದ್ದೂ. ಯುರೋಪಿನ ಮೂಲದ್ದಾದರೂ ಮರಗಳ ಬೇರಿನ ಜೊತೆ ಪ್ರಯಾಣ ಮಾಡಿ ಉತ್ತರ ಅಮೆರಿಕ, ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಾಗಳಲ್ಲೂ ನೆಲೆಸಿದೆ. ಅದಕ್ಕೇ ತಮ್ಮ ನಾಡಿನ ಒಳ್ಳೆಯ ಅಣಬೆಯನ್ನು ಗುರುತಿಸಬಲ್ಲ ಅನುಭವಿಗಳು ಹೊಸ ದೇಶದಲ್ಲಿ ಅದೇ ರೂಪದ ಡೆತ್ ಕ್ಯಾಪ್ ತಿಂದು ಸತ್ತದ್ದಿದೆ. ಒಂದು ನೆಲದಲ್ಲಿ ಕಲಿತ ಅಣಬೆಯ ಪಾಠ ಇನ್ನೊಂದು ನೆಲಕ್ಕೆ ಹೊಂದುವುದಿಲ್ಲ.

ಇದರಲ್ಲಿರುವ ಅಮಟಾಕ್ಸಿನ್ ಎಂಬ ವಿಷ ಕುದಿಸಿದರೂ, ಒಣಗಿಸಿದರೂ, ಉಪ್ಪಿನಲ್ಲಿ ಹಾಕಿದರೂ ಹೋಗುವುದಿಲ್ಲ. ಅರ್ಧ ಅಣಬೆ ವಯಸ್ಕರೊಬ್ಬರನ್ನು ಕೊಲ್ಲಬಲ್ಲದು. ತಿಂದ ಮೇಲೆ 6ರಿಂದ 12 ಗಂಟೆ ಏನೂ ಆಗುವುದಿಲ್ಲ, ಕೆಲವೊಮ್ಮೆ ಅದಕ್ಕೂ ಹೆಚ್ಚು. ಆಮೇಲೆ ತೀವ್ರ ವಾಂತಿ ಭೇದಿ. ಒಂದೆರಡು ದಿನದಲ್ಲಿ ಅದು ನಿಂತು ರೋಗಿ ಚೇತರಿಸಿಕೊಂಡಂತೆ ಕಾಣುತ್ತದೆ. ಮನೆಯವರು ನಿಟ್ಟುಸಿರು ಬಿಡುವ ಆ ಹೊತ್ತಿನಲ್ಲೇ ಒಳಗೆ ಯಕೃತ್ತು ಸಾಯುತ್ತಿರುತ್ತದೆ.

ಕಾರ್ಟಿನೇರಿಯಸ್ ಕುಲದ ಕೆಲವು ಕಂದು ಅಣಬೆಗಳ ಓರೆಲನಿನ್ ವಿಷ ಇನ್ನೂ ನಿಧಾನ. ಎರಡು ಮೂರು ದಿನಗಳಿಂದ ಹಿಡಿದು ಎರಡು ಮೂರು ವಾರಗಳ ತನಕ ಸುಳಿವೇ ಕೊಡದೆ ಆಮೇಲೆ ಮೂತ್ರಪಿಂಡ ಕೆಡಿಸುತ್ತದೆ. 2008ರಲ್ಲಿ ಸ್ಕಾಟ್ಲೆಂಡ್‌ನಲ್ಲಿ ಹೀಗೆ ಒಂದೇ ಊಟದಲ್ಲಿ ನಾಲ್ವರು ವಿಷಕ್ಕೆ ಸಿಲುಕಿದರು, ಅವರಲ್ಲಿ ಮೂವರಿಗೆ ಮೂತ್ರಪಿಂಡ ಕಸಿ ಮಾಡಬೇಕಾಯಿತು.

ಈಗ ಕೆಲವು ಮೂಢನಂಬಿಕೆಗಳನ್ನು ಇಲ್ಲೇ ಹೂಳಬೇಕು. ಬೆಳ್ಳಿ ಚಮಚ ಕಪ್ಪಾದರೆ ವಿಷ, ಬೆಳ್ಳುಳ್ಳಿ ಬಣ್ಣ ಬದಲಿಸಿದರೆ ವಿಷ, ಬಸವನಹುಳು ಕಚ್ಚಿದ್ದರೆ ಒಳ್ಳೆಯದು, ಬಿಳಿಯದೆಲ್ಲ ಒಳ್ಳೆಯದು, ಮರದ ಮೇಲೆ ಬೆಳೆದದ್ದೆಲ್ಲ ಒಳ್ಳೆಯದು, ಸಿಪ್ಪೆ ಸುಲಿದು ಬರುವುದೆಲ್ಲ ಒಳ್ಳೆಯದು. ಒಂದೂ ನಿಜವಲ್ಲ. ಡೆತ್ ಕ್ಯಾಪ್ ಬೆಳ್ಳಿಯನ್ನು ಕಪ್ಪು ಮಾಡುವುದಿಲ್ಲ, ಅದನ್ನು ಬಸವನಹುಳು ತಿನ್ನುತ್ತದೆ, ಸಿಪ್ಪೆಯೂ ಸಲೀಸಾಗಿ ಸುಲಿಯುತ್ತದೆ. ಮರದ ಮೇಲೆ ಬೆಳೆಯುವ ಪುಟ್ಟ ಕಂದು ಗ್ಯಾಲರೀನಾದಲ್ಲೂ ಅದೇ ಅಮಟಾಕ್ಸಿನ್ ಇದೆ. ತುಟಿಗೆ ತಾಗಿಸಿ, ನಾಲಗೆಗೆ ಸವರಿ, ಸ್ವಲ್ಪ ತಿಂದು ಕಾಯುವ ಹಂತ ಹಂತದ ಪರೀಕ್ಷೆಯೊಂದನ್ನು ಕಾಡಿನಲ್ಲಿ ಬದುಕುವ ಕೈಪಿಡಿಗಳು ಹೇಳುತ್ತವೆ. ಅಣಬೆಗೆ ಅದನ್ನು ಎಂದೂ ಬಳಸಬಾರದು.

ಅಣಬೆಯನ್ನು ಕೀಳುವುದು ಮತ್ತು ನೋಡುವುದು

ಗುರುತು ಗೊತ್ತಾಗುವ ತನಕ ಅಣಬೆಯನ್ನು ಕಾಂಡದ ನಡುವೆ ಕೊಯ್ಯಬೇಡಿ. ಚಾಕುವಿನ ತುದಿಯನ್ನು ಬುಡದ ಪಕ್ಕದ ಮಣ್ಣಿಗೆ ಇಳಿಸಿ ಮೆಲ್ಲನೆ ಮೀಟಿ, ಬುಡಸಹಿತ ಎತ್ತಿ. ಏಕೆಂದರೆ ಡೆತ್ ಕ್ಯಾಪ್ ಸೇರಿದ ಅಮನಿಟಾ ಕುಲದ ಮುಖ್ಯ ಗುರುತು ಮಣ್ಣಿನಡಿಯಲ್ಲಿದೆ: ಒಡೆದ ಮೊಟ್ಟೆಯ ಚಿಪ್ಪಿನಂತೆ ಬುಡವನ್ನು ಸುತ್ತಿದ ತೆಳುಬಿಳಿ ಚೀಲ. ಕೊಯ್ದವರು ಅದನ್ನು ನೆಲದಲ್ಲೇ ಬಿಟ್ಟು, ಉಳಿದದ್ದನ್ನು ಅಡುಗೆಗೆ ಒಯ್ದಿರುತ್ತಾರೆ. ಬುಡದಲ್ಲಿ ಚೀಲ, ಕಾಂಡದ ಮೇಲೆ ಉಂಗುರ, ಕೊಡೆಯ ಅಡಿಯಲ್ಲಿ ಬಿಳಿ ಪದರುಗಳು: ಈ ಮೂರೂ ಕಂಡರೆ ಅದನ್ನು ಅಲ್ಲೇ ಇಟ್ಟು ಎದ್ದು ಬನ್ನಿ. ಮುಟ್ಟಿದ್ದಕ್ಕೆ ಹೆದರಬೇಕಿಲ್ಲ, ಈ ವಿಷ ಹೊಟ್ಟೆಗೆ ಹೋದರೆ ಮಾತ್ರ ಅಪಾಯ. ಕೈ ತೊಳೆಯಿರಿ.

ಎಲ್ಲಿ ಬೆಳೆದಿತ್ತು, ಮಣ್ಣಿನಲ್ಲೋ ಮರದಲ್ಲೋ, ಸುತ್ತ ಯಾವ ಮರಗಳಿದ್ದವು, ಒಂಟಿಯೋ ಗುಂಪೋ ಎಂಬುದನ್ನು ಅಲ್ಲೇ ನಿಂತು ಬರೆದುಕೊಳ್ಳಿ. ಮನೆಗೆ ಬಂದ ಮೇಲೆ ನೆನಪಾಗುವುದಿಲ್ಲ. ನಂತರ ಮೇಲಿನಿಂದ ಕೆಳಕ್ಕೆ ಸರಿಯಾಗಿ ನಡುವೆ ಸೀಳಿ, ಒಳಗಿನ ತಿರುಳು ಬಣ್ಣ ಬದಲಿಸುತ್ತದೆಯೇ ನೋಡಿ.

ಬೀಜಕಣದ ಅಚ್ಚು ತೆಗೆಯುವುದನ್ನು ಯಾರೂ ತಪ್ಪಿಸಬಾರದು. ಕಾಂಡ ಕತ್ತರಿಸಿ, ಪದರುಗಳು ಕೆಳಗೆ ಬರುವಂತೆ ಕೊಡೆಯನ್ನು ಕಾಗದದ ಮೇಲೆ ಇಡಿ. ಕಾಗದದ ಅರ್ಧ ಬಿಳಿ, ಅರ್ಧ ಕಪ್ಪಾಗಿರಲಿ, ಇಲ್ಲದಿದ್ದರೆ ಬಿಳಿಯ ಪುಡಿ ಬಿಳಿಯ ಮೇಲೆ ಕಾಣುವುದಿಲ್ಲ. ಕೊಡೆಯ ನೆತ್ತಿಗೆ ಒಂದು ಹನಿ ನೀರು ಹಾಕಿ, ಮೇಲೆ ಬಟ್ಟಲು ಬೋರಲು ಹಾಕಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಬಟ್ಟಲೆತ್ತಿ ಕೊಡೆಯನ್ನು ಮೇಲಕ್ಕೆತ್ತಿದರೆ ಕಾಗದದ ಮೇಲೆ ಕಣ್ಣುರೆಪ್ಪೆಯ ಕೂದಲಷ್ಟು ಸಣ್ಣ ಗೆರೆಗಳು ಚಕ್ರದ ಕಡ್ಡಿಗಳಂತೆ ನಡುವಿನಿಂದ ಹರಡಿರುತ್ತವೆ. ಎಷ್ಟು ಬಾರಿ ನೋಡಿದರೂ ಅದು ನನಗೆ ಹೊಸತೇ. ಆ ಪುಡಿಯ ಬಣ್ಣ ಬಹಳಷ್ಟನ್ನು ತೀರ್ಮಾನಿಸುತ್ತದೆ. ಹುಲ್ಲುನೆಲದಲ್ಲಿ ಬೆಳೆಯುವ ಕ್ಲೋರೋಫಿಲಮ್ ಮಾಲಿಬ್ಡೈಟಿಸ್ ನೋಡಲು ದೊಡ್ಡ, ಒಳ್ಳೆಯ ಬಿಳಿ ಅಣಬೆಯಂತೆಯೇ ಇರುತ್ತದೆ. ಅದರ ಅಚ್ಚು ಹಸಿರು. ತಿಂದರೆ ಒಂದರಿಂದ ಮೂರು ಗಂಟೆಯೊಳಗೆ ತೀವ್ರ ವಾಂತಿ ಭೇದಿ.

ಹೊಸಬರು ಪದರುಗಳಿರುವ ಅಣಬೆಗಳನ್ನು ಮೊದಲ ಕೆಲವು ವರ್ಷ ನೋಡಲು ಮಾತ್ರ ಇಟ್ಟುಕೊಳ್ಳಲಿ. ಚೆಂಡಿನಾಕಾರದ ಪಫ್‌ಬಾಲ್‌ನಿಂದ ಆರಂಭಿಸುವವರು ಪ್ರತಿಯೊಂದನ್ನೂ ನೆತ್ತಿಯಿಂದ ಬುಡಕ್ಕೆ ಸೀಳಬೇಕು. ಒಳಗೆಲ್ಲ ಒಂದೇ ಬಿಳಿ, ಗಟ್ಟಿ ಮೊಸರಿನಂತಿದ್ದರೆ ಸರಿ. ಹಳದಿಯಾಗಿದ್ದರೆ ವಯಸ್ಸಾಗಿದೆ, ನೇರಳೆಗಪ್ಪಾಗಿದ್ದರೆ ಅದು ವಿಷದ ಸ್ಕ್ಲೆರೋಡರ್ಮಾ. ಒಳಗೆ ಪುಟ್ಟ ಕೊಡೆ ಮಡಿಚಿಟ್ಟಂತೆ ನೆರಳು ಕಂಡರೆ ಅದು ಇನ್ನೂ ಬಿರಿಯದ ಅಮನಿಟಾ. ಶಾಂಟರೆಲ್ ಎಂಬ ಹಳದಿ-ಕಿತ್ತಳೆ ಬಣ್ಣದ ಒಳ್ಳೆಯ ಅಣಬೆಯನ್ನು ಆರಿಸುವವರು ಅದರ ಅಡಿಯಲ್ಲಿರುವುದು ಬಿಡಿ ಪದರಲ್ಲ, ತಿರುಳಿನೊಂದಿಗೇ ಬೆಸೆದ ಮೊಂಡು ನೆರಿಗೆ ಎಂಬುದನ್ನು ಬೆರಳಿಂದ ಮುಟ್ಟಿ ಖಚಿತ ಮಾಡಿಕೊಳ್ಳಬೇಕು. ಅದೇ ಕಿತ್ತಳೆ ಬಣ್ಣದ, ಮರದ ಬುಡದಲ್ಲಿ ಗುಂಪಾಗಿ ಏಳುವ ಜ್ಯಾಕ್ ಓ ಲ್ಯಾಂಟರ್ನ್‌ಗೆ ಚೂಪಾದ ನಿಜ ಪದರುಗಳಿವೆ, ಅದು ವಿಷ.

ಚೆನ್ನಾಗಿ ಗೊತ್ತಿರುವ ಒಳ್ಳೆಯ ಜಾತಿಯೂ ಬೇಯದಿದ್ದರೆ ಕೆಡುಕು ಮಾಡುತ್ತದೆ. 2023ರಲ್ಲಿ ಅಮೆರಿಕದ ಮೊಂಟಾನಾದ ಒಂದು ಹೋಟೆಲಿನಲ್ಲಿ ಹಸಿಯಾದ ಇಲ್ಲವೇ ಅರೆಬೆಂದ ಮೊರೆಲ್ ಅಣಬೆ ತಿಂದ 51 ಜನ ಅಸ್ವಸ್ಥರಾಗಿ ಇಬ್ಬರು ತೀರಿಕೊಂಡರು. ಹಿಂದಿನಿಂದಲೂ ತಿನ್ನುತ್ತ ಬಂದಿದ್ದೇವೆ ಎಂಬುದೂ ರಕ್ಷಣೆಯಲ್ಲ. ಪ್ಯಾಕ್ಸಿಲಸ್ ಇನ್ವೊಲ್ಯೂಟಸ್ ಎಂಬ ಅಣಬೆಯನ್ನು ಯುರೋಪಿನಲ್ಲಿ ತಲೆಮಾರುಗಳಿಂದ ತಿನ್ನುತ್ತಿದ್ದರು. ಅಣಬೆಗಳನ್ನೇ ಅಧ್ಯಯನ ಮಾಡಿದ್ದ ಜರ್ಮನ್ ವಿಜ್ಞಾನಿ ಜೂಲಿಯಸ್ ಶೇಫರ್ 1944ರಲ್ಲಿ ಅದನ್ನು ತಿಂದು ಸತ್ತರು. ಮತ್ತೆ ಮತ್ತೆ ತಿಂದವರಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ರಕ್ತಕಣಗಳನ್ನು ಒಡೆಯುವಂತೆ ಆ ಅಣಬೆ ಮಾಡಬಲ್ಲದು ಎಂಬುದು ಆಮೇಲೆ ತಿಳಿಯಿತು.

ದಾರಿಯಲ್ಲಲ್ಲ, ಮನೆಯಲ್ಲಿ ತಿನ್ನಿ

ಚಾರಣಿಗರಿಗೆ ನಾನು ಒತ್ತಿ ಹೇಳುವ ಮಾತಿದು. ಹಲವು ಬಾರಿ ತಿಂದು ಗೊತ್ತಿರುವ ಬೆರ್ರಿ ಹಣ್ಣು, ಹುಳಿಸೊಪ್ಪು ಬಿಟ್ಟರೆ ಬೇರೆ ಯಾವುದನ್ನೂ, ಅದರಲ್ಲೂ ಅಣಬೆಯನ್ನು, ಬಿಡಾರದ ಒಲೆಯ ಮೇಲೆ ಬೇಯಿಸಬೇಡಿ. ಅರೆಬೆಳಕಿನಲ್ಲಿ ಬಣ್ಣ ಕಾಣುವುದಿಲ್ಲ, ಬೀಜಕಣದ ಅಚ್ಚಿಗೆ ರಾತ್ರಿಯಿಡೀ ಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಏನಾದರೂ ಆದರೆ ಆಸ್ಪತ್ರೆ ಒಂದು ದಿನದ ನಡಿಗೆಯಷ್ಟು ದೂರ. ವಾಂತಿ ಭೇದಿಯಿಂದ ನಿತ್ರಾಣರಾದವರು ಬೆಟ್ಟ ಇಳಿಯಲಾರರು.

ಮನೆಯಲ್ಲಿ ಮತ್ತೊಮ್ಮೆ ಹಗಲು ಬೆಳಕಿನಲ್ಲಿ ಒಂದೊಂದನ್ನೂ ಪರೀಕ್ಷಿಸಿ. ಹುಳ ಬಿದ್ದದ್ದು, ಮೆತ್ತಗಾದದ್ದು, ವಯಸ್ಸಾದದ್ದು ತೆಗೆಯಿರಿ. ಒಂದು ಊಟಕ್ಕೆ ಒಂದೇ ಹೊಸ ಜಾತಿ, ಮೊದಲ ಸಲ ಒಂದೆರಡು ಚಮಚ ಮಾತ್ರ, ಚೆನ್ನಾಗಿ ಬೇಯಿಸಿ. ಒಳ್ಳೆಯ ಅಣಬೆಯೂ ಕೆಲವರ ಮೈಗೆ ಒಗ್ಗುವುದಿಲ್ಲ, ಅದನ್ನು ತಿಳಿಯಲು ಈ ಕ್ರಮ. ಜಾತಿ ಯಾವುದೆಂದು ಕಂಡುಹಿಡಿಯಲು ಇದನ್ನು ಬಳಸಬಾರದು. ಆ ದಿನ ಮದ್ಯ ಬೇಡ, ಮುಂದಿನ ಮೂರು ದಿನವೂ ಬೇಡ. ಇಂಕ್ ಕ್ಯಾಪ್ ಎಂಬ ಅಣಬೆಗಳ ಜಾತಿಯೊಂದು ಮದ್ಯ ಸೇರಿದಾಗ ಮಾತ್ರ ವಿಷವಾಗುತ್ತದೆ. ಮಕ್ಕಳು, ಗರ್ಭಿಣಿಯರು, ಮೂತ್ರಪಿಂಡ ಅಥವಾ ಯಕೃತ್ತಿನ ತೊಂದರೆ ಇರುವವರಿಗೆ ಕಾಡಿನ ಅಣಬೆ ಬಡಿಸಬೇಡಿ. 2004ರಲ್ಲಿ ಜಪಾನ್‌ನಲ್ಲಿ, ಅಲ್ಲಿಯವರೆಗೆ ಒಳ್ಳೆಯದೆಂದೇ ಹೆಸರಾಗಿದ್ದ ಬಿಳಿ ಅಣಬೆಯೊಂದನ್ನು ತಿಂದ ಮೂತ್ರಪಿಂಡ ರೋಗಿಗಳು ಮೆದುಳಿನ ತೊಂದರೆಯಿಂದ ಸತ್ತರು.

ಬೇಯಿಸುವ ಮೊದಲು ಪ್ರತಿ ಜಾತಿಯ ಒಂದು ಪೂರ್ತಿ ಅಣಬೆಯನ್ನು, ಬುಡಸಹಿತ, ಕಾಗದದಲ್ಲಿ ಸುತ್ತಿ ದಿನಾಂಕ ಬರೆದು ಫ್ರಿಜ್‌ನಲ್ಲಿ ಇಡಿ. ಸೊಪ್ಪಾದರೆ ಒಂದು ರೆಂಬೆ. ಒಂದು ವಾರ ಅದನ್ನು ಎಸೆಯಬೇಡಿ.

ಎಷ್ಟು ಕೀಳಬೇಕು ಎಂಬುದಕ್ಕೆ ನನ್ನ ಲೆಕ್ಕ ಸರಳ: ಹತ್ತು ಗಿಡ ಕಂಡರೆ ಒಂದರಿಂದ, ಒಂದೇ ಕಂಡರೆ ಯಾವುದರಿಂದಲೂ ಇಲ್ಲ. ಬೇರು ಬಿಡಿ, ತುದಿ ಕೊಯ್ಯಿರಿ, ಎಲೆಗೊಬ್ಬರವನ್ನು ಕೆದಕಿದ್ದರೆ ಮತ್ತೆ ಮುಚ್ಚಿ.

ತಪ್ಪಾದರೆ

ತಿಂದದ್ದು ತಪ್ಪು ಎಂಬ ಸಂಶಯ ಬಂದ ಕ್ಷಣವೇ ಹೊರಡಿ, ಲಕ್ಷಣ ಕಾಣಲಿ ಎಂದು ಕಾಯಬೇಡಿ. ಬಾಯಲ್ಲಿ ಉಳಿದದ್ದನ್ನು ಉಗುಳಿ ಮುಕ್ಕಳಿಸಿ. ಉಪ್ಪುನೀರು ಕುಡಿಸಿ ಅಥವಾ ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡಿಸಬೇಡಿ, ಪ್ರಜ್ಞೆ ತಪ್ಪುತ್ತಿರುವವರ ಶ್ವಾಸನಾಳಕ್ಕೆ ಅದು ಹೋಗಬಹುದು. ನಿಮ್ಮ ದೇಶದ ವಿಷ ಮಾಹಿತಿ ಕೇಂದ್ರದ ದೂರವಾಣಿ ಸಂಖ್ಯೆ ಮೊಬೈಲಿನಲ್ಲಿ ಮೊದಲೇ ಇರಲಿ, ಸಿಗ್ನಲ್ ಸಿಕ್ಕ ಕೂಡಲೇ ಕರೆ ಮಾಡಿ. ತಿಂದದ್ದರ ಉಳಿಕೆ, ಎತ್ತಿಟ್ಟ ಮಾದರಿ, ಚಿತ್ರಗಳು, ವಾಂತಿಯ ಸ್ವಲ್ಪ ಭಾಗ ಎಲ್ಲವನ್ನೂ ಆಸ್ಪತ್ರೆಗೆ ಒಯ್ಯಿರಿ.

ವೈದ್ಯರಿಗೆ ಎರಡು ಸಮಯಗಳನ್ನು ನಿಖರವಾಗಿ ಹೇಳಬೇಕು: ತಿಂದದ್ದು ಎಷ್ಟು ಹೊತ್ತಿಗೆ, ಮೊದಲ ತೊಂದರೆ ಎಷ್ಟು ಹೊತ್ತಿಗೆ. ಅಣಬೆ ತಿಂದ ಆರು ಗಂಟೆಗಳ ನಂತರ ವಾಂತಿ ಭೇದಿ ಶುರುವಾಗಿದ್ದರೆ ಅಮಟಾಕ್ಸಿನ್ ಎಂದೇ ಭಾವಿಸಿ ಚಿಕಿತ್ಸೆ ನಡೆಯಬೇಕು. ಬೇಗ ಶುರುವಾದರೆ ಅಪಾಯವಿಲ್ಲ ಎಂದೂ ಅಲ್ಲ, ಬುಟ್ಟಿಯಲ್ಲಿ ಎರಡು ಜಾತಿ ಬೆರೆತಿದ್ದರೆ ಮೊದಲನೆಯದರ ವಾಂತಿಯ ಹಿಂದೆ ಎರಡನೆಯದು ಅಡಗಿರುತ್ತದೆ. ವಾಂತಿ ನಿಂತಿತು, ಈಗ ಹುಷಾರಾಗಿದ್ದೇನೆ ಎಂದು ಮನೆಗೆ ಮರಳಬೇಡಿ. ಯಕೃತ್ತಿನ ರಕ್ತಪರೀಕ್ಷೆ ಮತ್ತೆ ಮತ್ತೆ ಆಗಲಿ. ಜೊತೆಗೆ ಕುಳಿತು ಉಂಡವರೆಲ್ಲರನ್ನೂ, ಏನೂ ಆಗಿಲ್ಲ ಎನ್ನುವವರನ್ನೂ, ಅದೇ ವಾಹನದಲ್ಲಿ ಕರೆದುಕೊಂಡು ಹೋಗಿ.